ಎಲೆ ಎಣಿಸುವವರಿಗೆ ಎಂಟು ಕಟ್ಟಿನ ಗೋಡೆ

‘21’ ಅನ್ನೋ ಹಾಲಿವುಡ್ ಸಿನಿಮಾ ಬಂದಿದ್ದು 2008ರಲ್ಲಿ. ಎಂಐಟಿ ವಿದ್ಯಾರ್ಥಿಗಳ ತಂಡವೊಂದು ಲಾಸ್ ವೇಗಸ್‌ನಲ್ಲಿ ಬ್ಲ್ಯಾಕ್‌ಜಾಕ್ ಎಲೆಗಳನ್ನು ಎಣಿಸಿ ದುಡ್ಡು ಗೆಲ್ಲುವ ಕಥೆ. ಅದನ್ನು ನೋಡಿದ ಗೆಳೆಯರು ಗೋವಾಕ್ಕೆ ಹೊರಟಾಗಲೆಲ್ಲ ನನ್ನನ್ನು ಕೇಳುತ್ತಾರೆ: “ಸಾಫ್ಟ್‌ವೇರ್‌ನವನು ನೀನು, ಲೆಕ್ಕ ಬರುತ್ತೆ. ಎಣಿಸಿದ್ರೆ ಗೆಲ್ಲಬಹುದಾ?” ನಾನು ತಿರುಗಿ ಕೇಳುವುದು ಒಂದೇ: “ಅಲ್ಲಿ ಎಷ್ಟು ಕಟ್ಟು ಇಸ್ಪೀಟು ಸೇರಿಸಿ ಆಡಿಸ್ತಾರೆ?”

ಎಣಿಕೆ ಅಂದರೆ ಇಷ್ಟೇ

ಬ್ಲ್ಯಾಕ್‌ಜಾಕ್‌ನಲ್ಲಿ 21 ದಾಟದಂತೆ ಡೀಲರ್‌ಗಿಂತ ಹೆಚ್ಚು ಮಾಡಬೇಕು. ರಾಜ, ರಾಣಿ, ಗುಲಾಮ ತಲಾ 10. ಎಕ್ಕಕ್ಕೆ 1 ಅಥವಾ 11. ಮೊದಲ ಎರಡೇ ಎಲೆಯಲ್ಲಿ ಎಕ್ಕ ಮತ್ತು ಹತ್ತು ಬಂದರೆ ಅದೇ ಬ್ಲ್ಯಾಕ್‌ಜಾಕ್. 100 ರೂಪಾಯಿ ಕಟ್ಟಿದವರಿಗೆ 150 ಲಾಭ. ಹಾಗಾಗಿ ದೊಡ್ಡ ಎಲೆಗಳು ಹೆಚ್ಚು ಉಳಿದಿದ್ದರೆ ಆಟಗಾರನಿಗೆ ಅನುಕೂಲ.

ಇದನ್ನು ತಿಳಿಯಲು ಎಲ್ಲ ಎಲೆ ನೆನಪಿಡಬೇಕಿಲ್ಲ. 2ರಿಂದ 6ರವರೆಗಿನ ಎಲೆ ಹೋದರೆ ಒಂದು ಕೂಡಿಸಿ. 10, ಗುಲಾಮ, ರಾಣಿ, ರಾಜ, ಎಕ್ಕ ಹೋದರೆ ಒಂದು ಕಳೆಯಿರಿ. 7, 8, 9ಕ್ಕೆ ಏನೂ ಬೇಡ. ಮೊತ್ತ ಏರಿದರೆ ಪಣ ಏರಿಸುವುದು, ಇಳಿದರೆ ಇಳಿಸುವುದು.

ಎಣಿಕೆಯ ಗಣಿತವನ್ನು ಜಗತ್ತಿಗೆ ತಿಳಿಸಿದವರು ಎಡ್ವರ್ಡ್ ಥೋರ್ಪ್. ಎಂಐಟಿಯ ಐಬಿಎಂ 704 ಕಂಪ್ಯೂಟರಿನಲ್ಲಿ ಫೋರ್ಟ್ರಾನ್ ಪ್ರೋಗ್ರಾಂ ಬರೆದು ಲೆಕ್ಕ ಹಾಕಿ, 1962ರಲ್ಲಿ ‘ಬೀಟ್ ದಿ ಡೀಲರ್’ ಪುಸ್ತಕ ತಂದರು. ಆಗ ನೆವಾಡಾದಲ್ಲಿ ಒಂದು ಕಟ್ಟಿನ ಆಟವೇ ಮಾಮೂಲಿ. 1964ರಲ್ಲಿ ಲಾಸ್ ವೇಗಸ್ ಕ್ಯಾಸಿನೊಗಳು ನಿಯಮ ಬಿಗಿ ಮಾಡಿ ನೋಡಿದವು. ಗಿರಾಕಿಗಳು ಮುಖ ತಿರುಗಿಸಿದ್ದರಿಂದ ಹಿಂದೆ ಸರಿಯಬೇಕಾಯಿತು. ಕಟ್ಟು ಹೆಚ್ಚಿಸುವ ಉಪಾಯ ಮಾತ್ರ ಗಟ್ಟಿಯಾಗಿ ಉಳಿಯಿತು.

ಲೋಟದ ಉಪ್ಪು, ಬಿಂದಿಗೆಯ ಉಪ್ಪು

ಒಂದು ಕಟ್ಟಿನಲ್ಲಿ 52 ಎಲೆ, 4 ಎಕ್ಕ. ಒಂದು ಎಕ್ಕ ಹೋಯಿತು ಅಂದುಕೊಳ್ಳಿ. ಮುಂದಿನ ಎಲೆ ಎಕ್ಕವಾಗುವ ಸಾಧ್ಯತೆ ಶೇ 7.7ರಿಂದ ಶೇ 5.9ಕ್ಕೆ ಕುಸಿಯುತ್ತದೆ. ಎಂಟು ಕಟ್ಟಿನಲ್ಲಿ 416 ಎಲೆ, 32 ಎಕ್ಕ. ಅಲ್ಲಿ ಒಂದು ಹೋದರೆ ಶೇ 7.5ಕ್ಕೆ ಇಳಿಯುತ್ತದೆ, ಅಷ್ಟೇ. ಒಂದು ಚಮಚ ಉಪ್ಪನ್ನು ಲೋಟದ ನೀರಿಗೆ ಹಾಕುವುದಕ್ಕೂ ಬಿಂದಿಗೆಗೆ ಹಾಕುವುದಕ್ಕೂ ಇರುವ ವ್ಯತ್ಯಾಸ ಇದು.

ಅದಕ್ಕೇ ಹೆಚ್ಚು ಕಟ್ಟಿರುವಾಗ ಬಂದ ಮೊತ್ತವನ್ನು ಉಳಿದ ಕಟ್ಟುಗಳಿಂದ ಭಾಗಿಸಬೇಕು. ಮೊತ್ತ 6 ಇದ್ದು ಒಂದೇ ಕಟ್ಟು ಉಳಿದಿದ್ದರೆ ನಿಜವಾದ ಎಣಿಕೆ 6. ಆರು ಕಟ್ಟು ಉಳಿದಿದ್ದರೆ ಬರೀ 1. ನಿಜವಾದ ಎಣಿಕೆ ಒಂದು ಏರಿದಾಗ ಆಟಗಾರನ ಕಡೆಗೆ ಸುಮಾರು ಶೇ 0.5 ವಾಲುತ್ತದೆ. ಒಳ್ಳೆಯ ನಿಯಮದ ಟೇಬಲ್‌ನಲ್ಲೂ ಶುರುವಿನಲ್ಲಿ ಕ್ಯಾಸಿನೊದ ಮೇಲುಗೈ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಅಂದರೆ 1ಕ್ಕೆ ಸಮಬಲ, 6ಕ್ಕೆ ಸುಮಾರು ಶೇ 2.5 ಲಾಭ.

ಎಣಿಸದವರಿಗೂ ಕಟ್ಟು ಹೆಚ್ಚಾದರೆ ನಷ್ಟವೇ. ಉಳಿದ ನಿಯಮಗಳು ಒಂದೇ ಇದ್ದರೂ ಒಂದು ಕಟ್ಟಿಗಿಂತ ಎಂಟು ಕಟ್ಟಿನಲ್ಲಿ ಕ್ಯಾಸಿನೊದ ಮೇಲುಗೈ ಸುಮಾರು ಶೇ 0.5 ಜಾಸ್ತಿ.

ತಂಡ ಯಾಕೆ ಬೇಕಾಯಿತು?

ಕಟ್ಟು ಹೆಚ್ಚಿದ್ದಾಗ ಒಳ್ಳೆಯ ಎಣಿಕೆ ಬರುವುದು ಅಪರೂಪ. ಕಾಯುತ್ತಾ ಕೂತರೆ ಸಣ್ಣ ಪಣದಲ್ಲೇ ದುಡ್ಡು ಸೋರುತ್ತದೆ. ಹಾಗಾಗಿ ಕೆಲವರು ಬೇರೆ ಬೇರೆ ಟೇಬಲ್‌ನಲ್ಲಿ ಸಣ್ಣ ಪಣ ಕಟ್ಟಿ ಎಣಿಸುವುದು, ಎಣಿಕೆ ಏರಿದ ಕಡೆ ಸನ್ನೆ ಮಾಡಿ ದೊಡ್ಡ ಪಣದವನನ್ನು ಕರೆಯುವುದು ಶುರುವಾಯಿತು. ಸಿನಿಮಾದಲ್ಲಿ ನೋಡಿದ ತಂಡದಾಟ ಈ ಕಟ್ಟುಗಳ ಗೋಡೆಗೆ ಹಾಕಿದ ಏಣಿ. ಒಬ್ಬರೇ ಹೋಗಿ ಒಂದು ಟೇಬಲ್‌ನಲ್ಲಿ ಕೂರುವ ನಮ್ಮವರ ಹತ್ತಿರ ಆ ಏಣಿ ಇಲ್ಲ.

1982ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್, ಎಣಿಸುತ್ತಾರೆ ಅನ್ನೋ ಕಾರಣಕ್ಕೆ ಕ್ಯಾಸಿನೊದವರೇ ತೀರ್ಮಾನಿಸಿ ಯಾರನ್ನೂ ಹೊರಹಾಕುವಂತಿಲ್ಲ ಎಂದಿತು. ಆಟಗಾರ ಕೆನ್ ಯೂಸ್ಟನ್ ಹಾಕಿದ್ದ ಕೇಸು ಅದು. ಹೊರಹಾಕಲಾಗದ ಕ್ಯಾಸಿನೊಗಳಿಗೆ ಹೆಚ್ಚು ಕಟ್ಟು, ಬೇಗ ಬೇಗ ಕಲಸುವುದೇ ಅಸ್ತ್ರವಾಯಿತು.

‘ಒಂದೇ ಕಟ್ಟು’ ಬೋರ್ಡ್ ನಂಬಬೇಡಿ

ಲಾಸ್ ವೇಗಸ್‌ನಲ್ಲಿ ಒಂದು ಕಟ್ಟಿನ ಟೇಬಲ್ ಈಗಲೂ ಸಿಗುತ್ತದೆ. ಆದರೆ ಹಲವು ಕಡೆ ಬ್ಲ್ಯಾಕ್‌ಜಾಕ್‌ಗೆ 100ಕ್ಕೆ 150 ಬದಲು 120 ಕೊಡುತ್ತಾರೆ. ಬ್ಲ್ಯಾಕ್‌ಜಾಕ್ ಬರುವುದು ಸುಮಾರು 21 ಕೈಗೆ ಒಂದು ಸಲ. ಆ 30 ರೂಪಾಯಿಯನ್ನು ಹಂಚಿ ನೋಡಿದರೆ ಪ್ರತಿ ನೂರಕ್ಕೆ ಸುಮಾರು 1.4 ರೂಪಾಯಿ ಕೈಬಿಟ್ಟಂತೆ. ಕಟ್ಟು ಕಡಿಮೆ ಆಗಿದ್ದರಿಂದ ಸಿಕ್ಕಿದ್ದು ಬರೀ 50 ಪೈಸೆ!

ಹೋದ ಎಲೆಗಳನ್ನು ಆಗಾಗಲೇ ವಾಪಸ್ ಕಲಸುವ ಯಂತ್ರ ಇದ್ದರೆ ಎಣಿಕೆಗೆ ಬಹುತೇಕ ಅರ್ಥವೇ ಇಲ್ಲ. ಪ್ರತಿ ಕೈಗೂ ಹೊಸದಾಗಿ ಕಲಸುವ ಕಂಪ್ಯೂಟರ್ ಆಟದಲ್ಲೂ ಅದೇ ಕಥೆ.

ಇಷ್ಟೆಲ್ಲ ಸರಿಹೋಗಿ ಶೇ 1 ಲಾಭ ಸಿಕ್ಕಿತು ಅನ್ನಿ. ಸಾವಿರ ರೂಪಾಯಿಯಂತೆ ನೂರು ಕೈ ಆಡಿದರೆ ಸರಾಸರಿ ಗಳಿಕೆ 1,000 ರೂಪಾಯಿ. ಅದೇ ನೂರು ಕೈಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮೇಲೆ ಕೆಳಗೆ ಆಗುವುದು ಮಾಮೂಲಿ. ಇಎಂಐಗೆ ಇಟ್ಟ ದುಡ್ಡು ಈ ಏರಿಳಿತ ತಡೆಯೋದಿಲ್ಲ.

ಎಣಿಕೆಯ ಮಜಾ ಬೇಕಿದ್ದರೆ ಮನೆಯಲ್ಲೇ ಇದೆ. ಜೋಕರ್ ತೆಗೆದ ಒಂದು ಕಟ್ಟಿನಿಂದ ಒಂದು ಎಲೆಯನ್ನು ನೋಡದೆ ಬಚ್ಚಿಡಿ, ಉಳಿದ 51 ಎಣಿಸಿ. ಕೊನೆಗೆ +1 ಬಂದರೆ ಬಚ್ಚಿಟ್ಟಿದ್ದು ದೊಡ್ಡ ಎಲೆ, -1 ಬಂದರೆ ಚಿಕ್ಕದು, ಸೊನ್ನೆಯಾದರೆ 7, 8, 9ರಲ್ಲೊಂದು. ಮಕ್ಕಳಿಗೆ ಜಾದೂ ಥರ ಕಾಣುತ್ತೆ. ಎಂಟು ಕಟ್ಟಿನ ಟೇಬಲ್‌ನಲ್ಲಿ ಡೀಲರ್ ಕೊನೆಯ ಒಂದೂವರೆ ಕಟ್ಟನ್ನು ಆಡಿಸದೆ ಬಿಟ್ಟರೆ ಬಚ್ಚಿಟ್ಟ ಎಲೆಗಳು 78. ಅಲ್ಲಿ ಜಾದೂ ಅವರದ್ದು.