ನಿಮಗಿದು ಗೊತ್ತೇ? ಸುಡಬೇಕಿದ್ದ ಕಾಗದಗಳ ಪ್ರದರ್ಶನ!

ಪ್ರಾಗ್‌ನ ಲೇಖಕ ಫ್ರಾಂಜ್ ಕಾಫ್ಕಾ ತೀರಿಕೊಂಡು 2024ರ ಜೂನ್ 3ಕ್ಕೆ ನೂರು ವರ್ಷ ತುಂಬಿತು. ಆ ನೆಪದಲ್ಲಿ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯ ಅವನ ಹಸ್ತಪ್ರತಿ, ದಿನಚರಿ, ಪತ್ರ, ಫೋಟೊಗಳನ್ನು ಹೊರತೆಗೆದು ‘ಕಾಫ್ಕಾ: ಮೇಕಿಂಗ್ ಆಫ್ ಆ್ಯನ್ ಐಕನ್’ ಎಂಬ ಪ್ರದರ್ಶನ ಏರ್ಪಡಿಸಿತು. ಮೇ 30ರಿಂದ ಅಕ್ಟೋಬರ್ 27ರವರೆಗೆ ಅದು ನಡೆಯಿತು. ಕಾಫ್ಕಾನ ಮಾತು ನಡೆದಿದ್ದರೆ ಅಲ್ಲಿ ತೋರಿಸಲು ಹೆಚ್ಚೇನೂ ಇರುತ್ತಿರಲಿಲ್ಲ!

● ಅಪ್ರಕಟಿತ ಬರಹಗಳನ್ನೆಲ್ಲ ಓದದೆ ಸುಟ್ಟುಬಿಡು ಎಂದು ಕಾಫ್ಕಾ ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಚೀಟಿ ಬರೆದಿಟ್ಟಿದ್ದ. ‘ನಾನು ಸುಡುವವನಲ್ಲ’ ಎಂದು ತಾನು ಮೊದಲೇ ಹೇಳಿದ್ದೆ ಅನ್ನುವುದು ಬ್ರಾಡ್‌ನ ಸಮರ್ಥನೆ. ‘ದಿ ಟ್ರಯಲ್’ (1925), ‘ದಿ ಕ್ಯಾಸಲ್’ (1926), ‘ಅಮೆರಿಕ’ (1927) ಒಂದರ ಹಿಂದೊಂದು ಅಚ್ಚಾದವು. ಮೂರೂ ಕಾಫ್ಕಾ ಅರ್ಧಕ್ಕೆ ಬಿಟ್ಟಿದ್ದ ಕಾದಂಬರಿಗಳೇ.

● 1912ರಲ್ಲಿ ಹೊರಬಂದ ಕಾಫ್ಕಾನ ಮೊದಲ ಪುಸ್ತಕದ ಪ್ರತಿಗಳು ಬರೀ 800.

● ‘ದಿ ಜಡ್ಜ್‌ಮೆಂಟ್’ ಕಥೆ ಒಂದೇ ರಾತ್ರಿಯ ಫಸಲು. 1912ರ ಸೆಪ್ಟೆಂಬರ್ 22ರ ರಾತ್ರಿ ಹತ್ತಕ್ಕೆ ಕೂತವನು ಎದ್ದದ್ದು ಬೆಳಗಿನ ಆರಕ್ಕೆ. ಬರೆಯುವುದೆಂದರೆ ಹೀಗೆಯೇ ಎಂದು ದಿನಚರಿಯಲ್ಲಿ ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡ.

● ‘ಮೆಟಮಾರ್ಫಸಿಸ್’ ಕಥೆಯ ಗ್ರೆಗರ್ ಸಾಮ್ಸಾ ಬೆಳಗಾಗುವಷ್ಟರಲ್ಲಿ ಹುಳುವಾಗಿರುತ್ತಾನೆ. ಯಾವ ಹುಳು? 1915ರಲ್ಲಿ ಪುಸ್ತಕ ಅಚ್ಚಿಗೆ ಹೋಗುವಾಗ ಕಾಫ್ಕಾ ಪ್ರಕಾಶಕರಿಗೆ ಪತ್ರ ಬರೆದು, ಮುಖಪುಟದಲ್ಲಿ ಆ ಹುಳುವಿನ ಚಿತ್ರ ಮಾತ್ರ ಬೇಡ, ದೂರದಿಂದ ತೋರಿಸುವುದೂ ಬೇಡ ಎಂದು ತಾಕೀತು ಮಾಡಿದ. ಕೊನೆಗೆ ಬಂದದ್ದು, ಬಾಗಿಲಿನ ಎದುರು ಮುಖ ಮುಚ್ಚಿಕೊಂಡು ನಿಂತ ಮನುಷ್ಯನ ಚಿತ್ರ.

● ‘ದಿ ಕ್ಯಾಸಲ್’ ಶುರುವಾದದ್ದು ‘ನಾನು’ ಎಂಬ ನಿರೂಪಣೆಯಲ್ಲಿ. ಒಂದಷ್ಟು ಬರೆದ ಮೇಲೆ ಕಾಫ್ಕಾ ಹಿಂದಕ್ಕೆ ಹೋಗಿ ‘ನಾನು’ ಇದ್ದಲ್ಲೆಲ್ಲ ಹೊಡೆದುಹಾಕಿ ‘ಕೆ.’ ಎಂದು ತಿದ್ದಿದ. ಆ ತಿದ್ದುಪಡಿ ಕಾಣುವ ಹಸ್ತಪ್ರತಿ ಬೋಡ್ಲಿಯನ್‌ನಲ್ಲಿದೆ.

● ‘ದಿ ಟ್ರಯಲ್’ ಬರೆಯಲು ಕೂತಾಗ ಮೊದಲ ಅಧ್ಯಾಯದ ಜೊತೆಗೇ ಕೊನೆಯದನ್ನೂ ಬರೆದಿಟ್ಟ. ನಡುವಿನ ಅಧ್ಯಾಯಗಳು ಬಿಡಿಬಿಡಿಯಾಗಿ ಉಳಿದವು. ಅವುಗಳನ್ನು ಜೋಡಿಸಿ ಕ್ರಮ ಕೊಟ್ಟವನು ಬ್ರಾಡ್.

● ಕಾಫ್ಕಾ ಕಾನೂನಿನಲ್ಲಿ ಡಾಕ್ಟರೇಟ್ ಪಡೆದವನು. 1908ರಿಂದ 1922ರವರೆಗೆ ಪ್ರಾಗ್‌ನ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ ನೌಕರಿ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಕಚೇರಿ, ಆಮೇಲೆ ನಿದ್ದೆ, ರಾತ್ರಿ ಬರವಣಿಗೆ.

● ಕಚೇರಿಯಲ್ಲೂ ಅವನ ಪೆನ್ನು ಸುಮ್ಮನಿರಲಿಲ್ಲ. ಮರ ಉಜ್ಜಿ ನುಣುಪು ಮಾಡುವ ಯಂತ್ರದಲ್ಲಿ ಚೌಕಾಕಾರದ ದಂಡಕ್ಕೆ ಸಿಕ್ಕಿ ಕಾರ್ಮಿಕರು ಬೆರಳು ಕಳೆದುಕೊಳ್ಳುತ್ತಿದ್ದರು. ದುಂಡನೆಯ ದಂಡ ಹಾಕಿದರೆ ಅಪಾಯ ಕಡಿಮೆ ಎಂದು ಕಾಫ್ಕಾ ಚಿತ್ರ ಸಮೇತ ವರದಿ ಬರೆದ. ತುಂಡಾದ ಬೆರಳುಗಳ ಕೈಗಳನ್ನೂ ಆ ಚಿತ್ರಗಳಲ್ಲಿ ತೋರಿಸಲಾಗಿತ್ತು.

● ಮೊದಲ ಮಹಾಯುದ್ಧದಲ್ಲಿ ಅವನು ಸೈನ್ಯಕ್ಕೆ ಹೋಗುವುದು ತಪ್ಪಿದ್ದೂ ಇದೇ ನೌಕರಿಯಿಂದ. ‘ಇವನಿಲ್ಲದೆ ನಮ್ಮ ಕೆಲಸ ನಡೆಯದು’ ಎಂದು ಸಂಸ್ಥೆಯೇ ವಿನಾಯಿತಿ ಕೊಡಿಸಿತು.

● 1909ರಲ್ಲಿ ಇಟಲಿಯ ಬ್ರೆಶಿಯಾದಲ್ಲಿ ವಿಮಾನಗಳ ಮೇಳ ನೋಡಿಬಂದ ಕಾಫ್ಕಾ ಪತ್ರಿಕೆಗೆ ಲೇಖನ ಬರೆದ. ಜರ್ಮನ್ ಸಾಹಿತ್ಯದಲ್ಲಿ ವಿಮಾನವನ್ನು ವರ್ಣಿಸಿದ ಮೊದಮೊದಲ ಬರಹಗಳಲ್ಲಿ ಅದೂ ಒಂದು.

● 1919ರಲ್ಲಿ ಅಪ್ಪನಿಗೊಂದು ಪತ್ರ ಬರೆದ. ಕೈಬರಹದಲ್ಲಿ ನೂರಕ್ಕೂ ಹೆಚ್ಚು ಪುಟ! ಅದು ಅಪ್ಪನ ಕೈ ಸೇರಲೇ ಇಲ್ಲ. ಈಗ ಲೋಕವೇ ಓದುತ್ತಿದೆ.

● ಗಂಟಲಿನ ಕ್ಷಯದಿಂದ ಕೊನೆಯ ವಾರಗಳಲ್ಲಿ ಮಾತಾಡುವುದು ಕಷ್ಟವಾಯಿತು. ವಿಯೆನ್ನಾ ಹತ್ತಿರದ ಕೀರ್ಲಿಂಗ್‌ನ ಆರೋಗ್ಯಧಾಮದಲ್ಲಿ ಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದು ಕೇಳುತ್ತಿದ್ದ. ಅನ್ನ ನೀರು ಗಂಟಲಲ್ಲಿ ಇಳಿಯದ ಆ ದಿನಗಳಲ್ಲೇ ‘ಎ ಹಂಗರ್ ಆರ್ಟಿಸ್ಟ್’ ಪುಸ್ತಕದ ಪ್ರೂಫ್ ತಿದ್ದುತ್ತಿದ್ದ. ಅದರ ಶೀರ್ಷಿಕೆಯ ಕಥೆ ಉಪವಾಸವನ್ನೇ ಕಲೆಯಾಗಿಸಿಕೊಂಡವನದು. ಸತ್ತಾಗ ನಲವತ್ತೊಂದಕ್ಕೆ ಇನ್ನೂ ಒಂದು ತಿಂಗಳು ಬಾಕಿ.

● ಅವನ ಮೂವರು ತಂಗಿಯರೂ ನಾಜಿಗಳ ನರಮೇಧಕ್ಕೆ ಬಲಿಯಾದರು. ಅವನಿಗೆ ಅಚ್ಚುಮೆಚ್ಚಿನವಳಾದ ಓಟ್ಲಾ 1943ರಲ್ಲಿ ಯಹೂದಿ ಮಕ್ಕಳ ಗುಂಪೊಂದರ ಜೊತೆಗೆ ತಾನಾಗಿಯೇ ಹೊರಟಳು. ಆ ರೈಲು ಮುಟ್ಟಿದ್ದು ಆಶ್‌ವಿಟ್ಸ್. ಕಾಫ್ಕಾ ಅವಳಿಗೆ ಬರೆದ ಪತ್ರಗಳನ್ನು 2011ರಲ್ಲಿ ಬೋಡ್ಲಿಯನ್ ಮತ್ತು ಜರ್ಮನಿಯ ಮಾರ್‌ಬಾಕ್ ಸಾಹಿತ್ಯ ಸಂಗ್ರಹಾಲಯ ಪಾಲುಗೂಡಿ ಕೊಂಡವು.

● ಕಾಫ್ಕಾನ ಹಸ್ತಪ್ರತಿಗಳು ಉಳಿದದ್ದೇ ಒಂದು ಸಾಹಸ. 1939ರ ಮಾರ್ಚ್‌ನಲ್ಲಿ ನಾಜಿ ಸೈನ್ಯ ಪ್ರಾಗ್‌ಗೆ ನುಗ್ಗುವ ಹೊತ್ತಿಗೆ ಬ್ರಾಡ್ ಹಸ್ತಪ್ರತಿಗಳನ್ನು ಸೂಟ್‌ಕೇಸಿಗೆ ತುಂಬಿಕೊಂಡು ರೈಲು ಹತ್ತಿ ಪ್ಯಾಲೆಸ್ಟೈನ್ ಸೇರಿದ. 1956ರಲ್ಲಿ ಅಲ್ಲೂ ಯುದ್ಧದ ಭೀತಿ ಎದ್ದಾಗ ಅವು ಸ್ವಿಟ್ಜರ್ಲೆಂಡಿನ ಬ್ಯಾಂಕ್ ತಿಜೋರಿಗೆ ಹೋದವು.

● ಅಲ್ಲಿಂದ ಆಕ್ಸ್‌ಫರ್ಡ್‌ಗೆ ಬಂದದ್ದು ಹೇಗೆ? ಪೊಲೀಸ್ ಬೆಂಗಾವಲಿನಲ್ಲಲ್ಲ! ಕಾಫ್ಕಾನ ಸೋದರಿಯರ ಮಕ್ಕಳ ಒಪ್ಪಿಗೆ ಪಡೆದು, ಆಕ್ಸ್‌ಫರ್ಡ್‌ನ ಜರ್ಮನ್ ವಿದ್ವಾಂಸ ಮಾಲ್ಕಮ್ ಪಾಸ್ಲಿ 1961ರಲ್ಲಿ ತಮ್ಮ ಪುಟ್ಟ ಕಾರಿನಲ್ಲೇ ತಂದುಬಿಟ್ಟರು. ಕಾಫ್ಕಾನ ಹಸ್ತಪ್ರತಿಗಳ ಬಹುಪಾಲು ಇಂದು ಇರುವುದು ಬೋಡ್ಲಿಯನ್‌ನಲ್ಲೇ.

● ‘ದಿ ಟ್ರಯಲ್’ ಮಾತ್ರ ಬೇರೆ ದಾರಿ ಹಿಡಿಯಿತು. ಬ್ರಾಡ್ ಅದನ್ನು ತನ್ನ ಕಾರ್ಯದರ್ಶಿ ಎಸ್ತರ್ ಹೋಫೆಗೆ ಕೊಟ್ಟಿದ್ದ. 1988ರ ಹರಾಜಿನಲ್ಲಿ 10 ಲಕ್ಷ ಪೌಂಡ್‌ಗೆ ಬಿಕರಿಯಾಗಿ ಮಾರ್‌ಬಾಕ್ ಸೇರಿತು.

● ಕೋರ್ಟಿನ ಕಾದಂಬರಿ ಬರೆದವನ ಕಾಗದಗಳೂ ಕೋರ್ಟ್ ಮೆಟ್ಟಿಲು ಹತ್ತದೆ ಬಿಡಲಿಲ್ಲ. ಹೋಫೆ ಕುಟುಂಬದ ಬಳಿ ಉಳಿದಿದ್ದ ಬ್ರಾಡ್ ಸಂಗ್ರಹ ಇಸ್ರೇಲ್ ರಾಷ್ಟ್ರೀಯ ಗ್ರಂಥಾಲಯಕ್ಕೇ ಸೇರಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 2016ರಲ್ಲಿ ತೀರ್ಪು ಕೊಟ್ಟಿತು.

● ಆಕ್ಸ್‌ಫರ್ಡ್ ಪ್ರದರ್ಶನ ಮುಗಿದ ಮೇಲೆ ಬೋಡ್ಲಿಯನ್‌ನ ಅಮೂಲ್ಯ ಪ್ರತಿಗಳು ಅಟ್ಲಾಂಟಿಕ್ ದಾಟಿದವು. ನ್ಯೂಯಾರ್ಕ್‌ನ ಮಾರ್ಗನ್ ಗ್ರಂಥಾಲಯದಲ್ಲಿ 2024ರ ನವೆಂಬರ್‌ನಿಂದ 2025ರ ಏಪ್ರಿಲ್‌ವರೆಗೆ ‘ಮೆಟಮಾರ್ಫಸಿಸ್’ ಮೂಲಪ್ರತಿ ಪ್ರದರ್ಶನಕ್ಕಿತ್ತು. ‘ಅಮೆರಿಕ’ ಬರೆದ ಕಾಫ್ಕಾ ಒಮ್ಮೆಯೂ ಆ ನೆಲ ಮೆಟ್ಟಿದವನಲ್ಲ.

● ಕನ್ನಡದಲ್ಲಿ ಕಾಫ್ಕಾ ಹೆಸರು ನೆನಪಿಸುವ ಕಾದಂಬರಿ ಯಶವಂತ ಚಿತ್ತಾಲರ ‘ಶಿಕಾರಿ’ (1979). ‘ದಿ ಟ್ರಯಲ್’ ನಾಯಕನ ಹಾಗೆ ಅದರ ನಾಗಪ್ಪನೂ ತನ್ನ ಮೇಲಿನ ಆರೋಪ ಏನೆಂದು ತಿಳಿಯದೆ ತೊಳಲಾಡುತ್ತಾನೆ. ಕಾಫ್ಕಾ ವಿಮಾ ಕಚೇರಿಯಲ್ಲಿದ್ದುಕೊಂಡು ಬರೆದರೆ, ಚಿತ್ತಾಲರು ಮುಂಬೈಯಲ್ಲಿ ಪಾಲಿಮರ್ ತಂತ್ರಜ್ಞರಾಗಿ ದುಡಿಯುತ್ತ ಬರೆದರು.

● ಸುಡು ಎಂದಾಗ ಸುಟ್ಟವರೂ ಇದ್ದಾರೆ! ಕೊನೆಗಾಲದ ಸಂಗಾತಿ ಡೋರಾ ಡಿಯಾಮಂಟ್ ಬರ್ಲಿನ್‌ನಲ್ಲಿ ಕಾಫ್ಕಾನ ಕಣ್ಣೆದುರೇ ಕೆಲವು ಬರಹಗಳಿಗೆ ಬೆಂಕಿಯಿಟ್ಟಳು. ಆದರೂ ಒಂದಷ್ಟನ್ನು ಗುಟ್ಟಾಗಿ ಉಳಿಸಿಕೊಂಡಿದ್ದಳು. 1933ರಲ್ಲಿ ಮನೆ ಜಾಲಾಡಿದ ಗೆಸ್ಟಾಪೊ ಅವನ್ನೆಲ್ಲ ಹೊತ್ತೊಯ್ದಿತು. ಅವುಗಳ ಹುಡುಕಾಟ ಇನ್ನೂ ನಿಂತಿಲ್ಲ. ಎಲ್ಲಾದರೂ ಸಿಕ್ಕರೆ ಗ್ರಂಥಾಲಯಗಳಿಗೆ ಮತ್ತೊಂದು ಪ್ರದರ್ಶನ, ವಕೀಲರಿಗೆ ಮತ್ತೊಂದು ಮೊಕದ್ದಮೆ!