ಟೀಮ್ ಲೀಡರ್ ಮಗಳಿಗೆ ಅಮ್ಮನ ಕಿವಿಮಾತು

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದ್ದು. ಜನ್ನಾಪುರದ ಮನೆಗಳಲ್ಲಿ ಹಿಂದೆಲ್ಲ ಅದರ ಶಿಫ್ಟಿನದೇ ಮಾತು. ಈಗ ಬೆಂಗಳೂರಿನಿಂದ ಮಗಳ ಫೋನು: "ಅಮ್ಮಾ, ಟೀಮ್ ಲೀಡರ್ ಮಾಡಿದಾರೆ. ಯಾರೂ ಮಾತು ಕೇಳಲ್ಲ, ಕೆಲಸ ಬಿಟ್ಟು ಬಂದುಬಿಡ್ಲಾ?" ಸಾಫ್ಟ್‌ವೇರ್ ನಮಗೇನು ಗೊತ್ತು ಎಂದು ಸುಮ್ಮನಾಗಬೇಡಿ.

1939ರಲ್ಲಿ ಅಮೆರಿಕದಲ್ಲಿ ಕರ್ಟ್ ಲೆವಿನ್ ಮತ್ತು ಸಂಗಡಿಗರು ಹುಡುಗರ ಗುಂಪುಗಳಲ್ಲಿ ಮೂರು ಬಗೆಯ ಮುಂದಾಳತ್ವವನ್ನು ಪರೀಕ್ಷಿಸಿದ ವರದಿ ಪ್ರಕಟಿಸಿದರು: ಅಪ್ಪಣೆ ಮಾಡುವುದು, ಕೂಡಿ ನಿರ್ಧರಿಸುವುದು, ತಮ್ಮ ಪಾಡಿಗೆ ಬಿಡುವುದು. ಮುಂದಾಳು ಆಚೆ ಹೋದೊಡನೆ ಅಪ್ಪಣೆಯ ಗುಂಪಿನ ಕೆಲಸ ಕುಸಿಯಿತು. ಕೂಡಿ ನಿರ್ಧರಿಸಿದವರದು ಹೆಚ್ಚುಕಡಿಮೆ ಹಾಗೇ ನಡೆಯಿತು. ಅತ್ತೆಯ ಕಣ್ಣಿದ್ದಾಗ ಮಾತ್ರ ನಡೆಯುವ ಕೆಲಸ ನೀವೂ ಕಂಡಿದ್ದೀರಲ್ಲ!

ಹಾಗಂತ ಅಪ್ಪಣೆಯೇ ಬೇಡವೆಂದಲ್ಲ. ಹಾಲು ಉಕ್ಕುವಾಗ ಸಭೆ ಸೇರಿಸುತ್ತೀರಾ? ಸಾಫ್ಟ್‌ವೇರ್ ಕೆಟ್ಟು ಗಿರಾಕಿಯ ವ್ಯವಹಾರ ನಿಂತಾಗ ಒಬ್ಬರ ಮಾತೇ ನಡೆಯಬೇಕು. ಹೊಸಬರಿಗೆ ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ನುರಿತವರಿಗೆ ಕೆಲಸ ಒಪ್ಪಿಸಿ ದೂರ ನಿಲ್ಲಬೇಕು.

ಇನ್ನೊಂದು ಮಾತು. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಹೊಸ ಜನ ಸೇರಿಸಿದರೆ ಇನ್ನಷ್ಟು ತಡ ಎಂದು ಐಬಿಎಂನಲ್ಲಿ ದುಡಿದಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. ಒಬ್ಬಟ್ಟು ಬೇಯಿಸುವಾಗ ನಾಲ್ವರು ಬಂದು "ತುಪ್ಪ ಎಲ್ಲಿ, ಸೌಟು ಎಲ್ಲಿ" ಎಂದರೆ ಹೇಳಿಕೊಡುವುದರಲ್ಲೇ ಹೊತ್ತು ಹೋಗುತ್ತದಲ್ಲವೆ?

ಮುಂದಿನ ಸಲ ಮಗಳನ್ನು ಕೇಳಿ: "ಪುಟ್ಟೀ, ತಂಡದವರ ಕಷ್ಟ ಕೇಳಿದ್ಯಾ? ನಾಲ್ಕು ಜನರ ಎದುರಿಗೆ ಬೈದ್ಯಾ? ನೀನು ರಜಾ ಹಾಕಿದ ದಿನ ಕೆಲಸ ನಡೆಯುತ್ತಾ?" ಕೆಲಸ ಬಿಡುವ ಮಾತು ಆಮೇಲಾಯಿತು.