ಹಳಿ ಪಕ್ಕದ ಶವ ಯಾವ ಊರಿನದು?

ಇವತ್ತಿನ ಎಪಿಸೋಡ್ ಕೇಳೋಕೆ ಟೈಮ್ ಇಲ್ಲದವರಿಗೆ ಇಲ್ಲಿ ಬರಹದಲ್ಲಿ ಇದೆ.

ಚೌಡಾಪುರ ಕ್ರಾಸ್‌ನಲ್ಲಿ, ಗಾಣಗಾಪುರಕ್ಕೆ ಹೋಗೋರು ಇಳಿಯೋ ಜಾಗದಲ್ಲಿ, ಚಹಾ ಕುಡೀತಿದ್ದೆ. ಪಕ್ಕದ ಹುಡುಗ ಕೇಳಿದ: "ಸರ್, ಪುಣೆಕ್ಕ ದುಡಿಲಾಕ ಹೋದಾಂವ ರೈಲಿಂದ ಬಿದ್ದು ಸತ್ರ, ಕಿಸೆದಾಗ ಏನೂ ಇಲ್ದಿದ್ರ, ಮನಿಗೆ ಹ್ಯಾಂಗ ಗೊತ್ತಾಗ್ತದ? ಹೆಬ್ಬೆಟ್ಟು ಒತ್ತಿಸಿದ್ರ ಆಧಾರ್ ಹೇಳಂಗಿಲ್ಲೇನ್ರಿ?"

ಹೇಳಲ್ಲ. ಹೇಳುತ್ತೆ ಅಂತ ನಾನೂ ಅಂದ್ಕೊಂಡಿದ್ದೆ. ಆದರೆ 2016ರ ಆಧಾರ್ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಬೆರಳಚ್ಚನ್ನು ಯಾರ ಜೊತೆಗೂ ಹಂಚಿಕೊಳ್ಳುವಂತಿಲ್ಲ. ಆಧಾರ್ ನಂಬರ್ ಕೊಟ್ಟರೆ ಬೆರಳು ಹೊಂದುತ್ತಾ ಅಂತ ನೋಡುತ್ತದೆ, ಅಷ್ಟೇ. ಬರೀ ಬೆರಳು ತೋರಿಸಿ 'ಇವನ್ಯಾರು' ಅಂತ ಕೇಳೋಕಾಗಲ್ಲ. ಪೊಲೀಸರ ಬೆರಳಚ್ಚು ಭಂಡಾರದಲ್ಲಿರೋದು ಅಪರಾಧ ಪ್ರಕರಣಗಳಲ್ಲಿ ಸಿಕ್ಕವರದ್ದು. ಗುಳೆ ಹೋದವನದು ಅಲ್ಲಿ ಯಾಕಿರ್ತದೆ?

ಹಾಗಾಗಿ ಕೆಲಸ ಹಳೇ ರೀತಿಯಲ್ಲೇ. ನಾಗರಿಕ ಸುರಕ್ಷಾ ಸಂಹಿತೆಯ 194ನೇ ಸೆಕ್ಷನ್ ಅಡಿ (2024ರ ಜುಲೈಗೆ ಮೊದಲು ಸಿಆರ್‌ಪಿಸಿ 174) ಅಸಹಜ ಸಾವು ದಾಖಲಾಗಿ ಪಂಚನಾಮೆ ನಡೆಯುತ್ತದೆ. ಹಚ್ಚೆ, ಹಳೇ ಗಾಯ, ಅಂಗಿ ಕಾಲರ್‌ನ ಟೇಲರ್ ಲೇಬಲ್. ಲೇಬಲ್ ಮೇಲೆ ಊರಿನ ಹೆಸರಿದ್ದರೆ ಅರ್ಧ ಕೆಲಸ ಮುಗಿದಂಗೆ. ರೆಡಿಮೇಡ್ ಅಂಗಿಯಲ್ಲಿ ಆ ಸುಳಿವೂ ಇಲ್ಲ.

ಇನ್ನು ಗಡಿ. ಗಾಣಗಾಪುರ ರೋಡ್ ಸ್ಟೇಷನ್ ಬಿಟ್ಟು ಸೊಲ್ಲಾಪುರದ ಕಡೆ ಹೊರಟರೆ ದುಧನಿ ಮಹಾರಾಷ್ಟ್ರದ್ದು. ರೈಲು ಅದೇ, ರೈಲ್ವೆ ಪೊಲೀಸರು ಬೇರೆ ರಾಜ್ಯದವರು. ಶವದ ಫೈಲು ಮರಾಠಿಯಲ್ಲಿ, ನಾಪತ್ತೆ ದೂರು ಕನ್ನಡದಲ್ಲಿ. ಠಾಣೆಗಳನ್ನು ಜೋಡಿಸೋ ಸಿಸಿಟಿಎನ್‌ಎಸ್ ಜಾಲ ಇದೆ. ಆದರೆ ದೂರೇ ಇಲ್ಲದಿದ್ದರೆ ಹೋಲಿಸೋದು ಯಾವುದಕ್ಕೆ? 'ಫೋನ್ ಸ್ವಿಚ್ ಆಫ್ ಆಗ್ಯಾದ, ಹಬ್ಬಕ್ಕ ಬರ್ತಾನ' ಅಂತ ಕಾಯ್ತಾ ಕೂರೋದೇ ದೊಡ್ಡ ತೊಡಕು ಅಂತ ನನ್ನ ಲೆಕ್ಕ.

2015ರ ಏಪ್ರಿಲ್ 18ರಂದು ಮೆಡಿಟರೇನಿಯನ್ ಸಮುದ್ರದಲ್ಲಿ ವಲಸಿಗರ ಹಡಗು ಮುಳುಗಿತಲ್ಲ, ಅದರ ಶವಗಳನ್ನು ಪರೀಕ್ಷಿಸಿದ ಇಟಲಿಯ ತಜ್ಞೆ ಕ್ರಿಸ್ಟಿನಾ ಕತ್ತಾನೆಯೊ ಅವರಿಗೆ ಮಾಲಿ ದೇಶದ ಹುಡುಗನ ಜಾಕೆಟ್‌ನೊಳಗೆ ಹೊಲಿದಿಟ್ಟ ಮಾರ್ಕ್ಸ್ ಕಾರ್ಡ್ ಸಿಕ್ಕಿತ್ತು. ಅಂಥದ್ದೂ ಇಲ್ಲದಾಗ ಉಳಿಯೋದು ಡಿಎನ್‌ಎ. ಅದಕ್ಕೂ ಈ ಕಡೆಯಿಂದ ಅವ್ವನದೋ, ಅಪ್ಪನದೋ, ಮಕ್ಕಳದೋ ರಕ್ತ ಬೇಕು.

"ಹಂಗಾದ್ರ ದೂರು ಕೊಡಲಾಕ ಪುಣೆಕ್ಕ ಹೋಗಬೇಕೇನ್ರಿ?"

ಬೇಡ, ನಿಮ್ಮ ಠಾಣೆಯಲ್ಲೇ ಕೊಡಬಹುದು ಅಂದೆ. ಫೋಟೋ, ಎತ್ತರ, ಕೊನೆಗೆ ಮಾತಾಡಿದ ತಾರೀಖು, ಮೈಮೇಲಿನ ಗುರುತು ಹೇಳಿ.

ಅವನ ಕಾಕಾ ಹೋಗಿ ಏಳು ತಿಂಗಳಂತೆ. "ಎಡಗೈ ಮ್ಯಾಲ ಹಚ್ಚಿ ಅದ. ಏನ್ ಬರಸ್ಯಾನ ಅಂತ ಕಾಕೂಗ ಕೇಳಬೇಕು" ಅಂತ ಫೋನ್ ತೆಗೆದ.